ಎಂಟೂವರೆ ದೊಡ್ಡದೋ, ಎರಡು ದೊಡ್ಡದೋ

ನಾನು ಕುಡಿಯುವ ನೀರಿನ ಪರೀಕ್ಷೆ ಮಾಡುವವಳು. ಒಂದು ಮಾತು ಹೇಳಿ ಹೇಳಿ ಸಾಕಾಗಿದೆ, ಆದರೂ ಮತ್ತೆ ಹೇಳುತ್ತೇನೆ. ವರದಿಯಲ್ಲಿ ಮುಂದಿರುವ ಅಂಕಿಯನ್ನು ಮಾತ್ರ ಓದಬೇಡಿ. ಹತ್ತರ ತಲೆಯ ಮೇಲೆ ಕೂತಿರುವ ಚಿಕ್ಕ ಅಂಕಿಯನ್ನು ಮೊದಲು ನೋಡಿ.

ಲಿಂಗಸುಗೂರು ಕಡೆಯ ವಯಸ್ಸಾದ ರೈತರೊಬ್ಬರು ಎರಡು ಬೋರ್‌ವೆಲ್‌ಗಳ ನೀರು ತಂದುಕೊಟ್ಟಿದ್ದರು. ಹಟ್ಟಿ ಚಿನ್ನದ ಗಣಿ ಇರುವ ಸೀಮೆ ಅದು. ಅಲ್ಲಿನ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಎಂಬ ವಿಷ ಇರುವ ಖನಿಜವೂ ಇರುತ್ತದೆ. ಹಾಗಾಗಿ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಕಡೆ ಅಂತರ್ಜಲದಲ್ಲಿ ಅದು ಸಿಕ್ಕಿದೆ. ಆರ್ಸೆನಿಕ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಕುಡಿದು ನೋಡಿ ಹೇಳುವ ಹಾಗಿಲ್ಲ. ಇದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಆ ಕಾಗದ ಒಂದೇ.

ಮನೆ ಹಿಂದಿನ ಬೋರ್‌ನಲ್ಲಿ ಲೀಟರಿಗೆ 8.5 × 10⁻³ ಮಿಲಿಗ್ರಾಂ. ಹೊಲದ ಬೋರ್‌ನಲ್ಲಿ 2.1 × 10⁻² ಮಿಲಿಗ್ರಾಂ. ವರದಿ ಅಂಚೆಯಲ್ಲಿ ಹೋಯಿತು. ಎರಡು ತಿಂಗಳಾದ ಮೇಲೆ ಅವರು ಬೇರೆ ಕೆಲಸಕ್ಕೆ ಬಂದವರು ಲ್ಯಾಬಿಗೂ ಬಂದರು. ಖುಷಿಯಲ್ಲೇ ಇದ್ದರು.

"ಮೇಡಂ, ಎಂಟೂವರೆ ಬಂದಿದ್ದ ಬೋರ್ ಬಂದ್ ಮಾಡೀವ್ರಿ. ಎರಡು ಬಂದದ್ದರ ನೀರೇ ಕುಡಿಯೋದು ಈಗ. ಹೊಲದಿಂದ ಕೊಡದಾಗ ಹೊತ್ತು ತರ್ತಾರ."

ನನ್ನ ಎದೆ ಧಸಕ್ಕೆಂದಿತು. ಒಳ್ಳೆಯ ನೀರು ಮನೆ ಹಿಂದೆಯೇ ಇತ್ತು. ಮನೆಯ ಹೆಣ್ಣುಮಕ್ಕಳು ಕೆಟ್ಟ ನೀರನ್ನು ಅಷ್ಟು ದೂರದಿಂದ ಹೊತ್ತು ತರುತ್ತಿದ್ದರು.

ಎಂಟೂವರೆ ಎರಡಕ್ಕಿಂತ ದೊಡ್ಡದು ಎಂದು ಅವರು ತಿಳಿದದ್ದರಲ್ಲಿ ತಪ್ಪೇನಿಲ್ಲ. ಓದಿದವರೂ ಇಲ್ಲೇ ಎಡವುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಇಂಜಿನಿಯರುಗಳು ಇದೇ ತಪ್ಪು ಮಾಡಿ ನನ್ನ ಜೊತೆ ವಾದಕ್ಕೆ ಬಂದಿದ್ದಾರೆ. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಈ ಹಿರಿಯರ ಮೇಲೆ ಬರಲಿಲ್ಲ.

ಕಾಗದ ತಿರುಗಿಸಿ ಹಿಂದೆ ಬರೆದು ತೋರಿಸಿದೆ. "ಕಾಕಾ, 10⁻² ಅಂದರೆ ಒಂದು ರೂಪಾಯಿ ಅಂದುಕೊಳ್ಳಿ. 10⁻³ ಅಂದರೆ ಹತ್ತು ಪೈಸೆ. ಈಗ ಹೇಳಿ, ಎಂಟೂವರೆ ಹತ್ತು ಪೈಸೆ ಎಷ್ಟಾಯಿತು?"

"ಎಂಬತ್ತೈದು ಪೈಸೆ."

"ಎರಡು ಪಾಯಿಂಟ್ ಒಂದು ರೂಪಾಯಿ?"

"ಎರಡು ರೂಪಾಯಿ ಹತ್ತು ಪೈಸೆ..." ಅಂದವರು ಅಲ್ಲೇ ಸುಮ್ಮನಾದರು. ಆಮೇಲೆ ಮೆಲ್ಲಗೆ ಕೇಳಿದರು: "ಮಿತಿ ಎಷ್ಟ್ರಿ?"

ಮಿತಿ 1 × 10⁻², ಅಂದರೆ ಒಂದು ರೂಪಾಯಿ. ಕುಡಿಯುವ ನೀರಿನ ಭಾರತೀಯ ಮಾನಕ 10500 ಹೇಳುವ ಲೀಟರಿಗೆ 0.01 ಮಿಲಿಗ್ರಾಂ ಇದೇ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ 0.05ರಿಂದ ಇಳಿಸಿ ತಂದ ಮಟ್ಟವೂ ಇದೇ. ಅವರು ಫೋನ್ ತೆಗೆದು ಸೊಸೆಗೆ ಹೇಳಿದ್ದು ಇಷ್ಟೇ: "ಆ ಕೊಡದ ನೀರು ಚೆಲ್ಲವ್ವಾ."

ಎರಡು ತಿಂಗಳು ಕುಡಿದದ್ದಕ್ಕೆ ಏನಾದರೂ ಆಗುತ್ತದೆ ಎಂದು ನಾನು ಹೇಳಲಾರೆ. ಅದು ವೈದ್ಯರು ಹೇಳಬೇಕಾದ ಮಾತು. ಅಂಗೈ ದಪ್ಪವಾಗುವುದು, ಚರ್ಮದಲ್ಲಿ ಕಲೆ ಮೂಡುವುದು, ಕ್ಯಾನ್ಸರ್, ಇವೆಲ್ಲ ಸಾಮಾನ್ಯವಾಗಿ ವರ್ಷಗಟ್ಟಲೆ ಕುಡಿದವರಲ್ಲಿ ಕಾಣುವಂಥವು. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ.

ಮೈನಸ್ ಚಿಹ್ನೆಯನ್ನು ಎಲ್ಲರೂ ಮರೆಯುತ್ತಾರೆ. ಮೂರು ಎರಡಕ್ಕಿಂತ ದೊಡ್ಡದು, ನಿಜ. ಆದರೆ ಮೈನಸ್ ಮೂರು ಬಾವಿಯೊಳಗಿನ ಮೂರನೇ ಮೆಟ್ಟಿಲು. ಎರಡನೆಯದಕ್ಕಿಂತ ಕೆಳಗೇ ಅಲ್ವಾ? ಈ ಬಾವಿಯಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ಬೆಲೆ ಹತ್ತರಲ್ಲಿ ಒಂದು ಪಾಲಾಗುತ್ತದೆ. 10⁻²ರಿಂದ 10⁻⁴ಕ್ಕೆ "ಎರಡೇ ತಾನೇ ವ್ಯತ್ಯಾಸ" ಅನ್ನುವವರಿದ್ದಾರೆ. ಅದು ಎರಡಲ್ಲ, ನೂರು ಪಟ್ಟು. ರೂಪಾಯಿಗೂ ಒಂದು ಪೈಸೆಗೂ ಇರುವ ಅಂತರ. ಕೆಲವು ಯಂತ್ರಗಳು ಹತ್ತರ ಬದಲು ಇಂಗ್ಲಿಷಿನ 'ಇ' ಅಕ್ಷರ ಹಾಕಿ ಅದರ ಮುಂದೆ ಮೈನಸ್ 03 ಎಂದು ಮುದ್ರಿಸುತ್ತವೆ. ಅರ್ಥ ಅದೇ.

ಹೋಲಿಸುವ ಮೊದಲು ಎರಡೂ ವರದಿಗಳ ಅಳತೆ ಒಂದೇ ಇದೆಯೇ ನೋಡಿ. ಒಂದು ಲ್ಯಾಬ್ ಮಿಲಿಗ್ರಾಂನಲ್ಲಿ ಕೊಟ್ಟಿರುತ್ತದೆ, ಇನ್ನೊಂದು ಮೈಕ್ರೋಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಒಂದೇ ಅಳತೆಗೆ ತಂದ ಮೇಲೆ ಘಾತಾಂಕ, ಅಂದರೆ ಹತ್ತರ ತಲೆಯ ಮೇಲಿನ ಆ ಚಿಕ್ಕ ಅಂಕಿ, ನೋಡಿ. ಘಾತಾಂಕವೂ ಒಂದೇ ಆಗಿದ್ದರೆ ಮಾತ್ರ ಮುಂದಿನ ಅಂಕಿ ನೋಡಿದರೆ ಸಾಕು. ಆ ಮುಂದಿನ ಅಂಕಿ ಒಂದರಿಂದ ಹತ್ತರ ಒಳಗೆ ಇರಬೇಕು. ಯಾರಾದರೂ 21 × 10⁻³ ಎಂದು ಬರೆದುಕೊಟ್ಟಿದ್ದರೆ ಮೊದಲು ಅದನ್ನು 2.1 × 10⁻² ಮಾಡಿಕೊಳ್ಳಿ. ಇಲ್ಲದಿದ್ದರೆ ಈ ವಿಧಾನ ಕೈಕೊಡುತ್ತದೆ.

ಇದನ್ನು ಕಲಿತವರು ಇನ್ನೊಂದು ಕಡೆ ಜಾರುತ್ತಾರೆ. ಘಾತಾಂಕ ಬೇರೆಯಾದ ಕೂಡಲೇ ಭಾರೀ ಅಂತರ ಎಂದುಕೊಳ್ಳುತ್ತಾರೆ. 9.6 × 10⁻³ ಮತ್ತು 1.0 × 10⁻² ನೋಡಿ. ಒಂದು ಮೆಟ್ಟಿಲು ಕೆಳಗಿದೆ, ಸರಿ. ಆದರೆ ತೊಂಬತ್ತಾರು ಪೈಸೆಗೂ ರೂಪಾಯಿಗೂ ಎಷ್ಟು ವ್ಯತ್ಯಾಸ? ಯಾವ ಯಂತ್ರದ ಅಳತೆಯಲ್ಲೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಇಷ್ಟು ಹತ್ತಿರ ಬಂದಾಗ ಒಂದೇ ಸ್ಯಾಂಪಲ್ ನಂಬಿ ನೀರು ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ.

ಕಾಕಾ ಬೇಸಿಗೆ ಮುಗಿಯುವಾಗ ಮನೆ ಹಿಂದಿನ ಬೋರ್‌ನ ನೀರನ್ನು ಮತ್ತೆ ತಂದರು. ಈ ಸಲ ಬಂದದ್ದು 9.6 × 10⁻³. ವರದಿಯನ್ನು ಬೆಳಕಿಗೆ ಹಿಡಿದು ಅವರೇ ಓದಿದರು.

"ತೊಂಬತ್ತಾರು ಪೈಸೆ ಅಲ್ರೀ ಮೇಡಂ? ಬಾಳ ಹತ್ರ ಬಂತು. ಮಳೆ ಆದ ಮ್ಯಾಲೆ ಇನ್ನೊಂದು ಬಾಟ್ಲಿ ತರ್ತೀನಿ."

ಖಾಲಿ ಬಾಟಲಿ ಕೊಟ್ಟು, ಮುಚ್ಚಳದ ಮೇಲೆ ಬೋರ್‌ನ ಹೆಸರು ಬರೆದು ಕಳಿಸಿದೆ.