ಕಪ್ಪತಗುಡ್ಡ ಅಲ್ಲೇ ಐತಿ, ಮತ್ತ ಖಂಡ ಸರದದ್ದು ಹ್ಯಾಂಗ?

ಗದಗದ ಓದುಗರೊಬ್ಬರ ಪ್ರಶ್ನೆ: "ಸರ, ಕಪ್ಪತಗುಡ್ಡ ನಮ್ಮಜ್ಜನ ಕಾಲದಿಂದ ಅಲ್ಲೇ ಐತಿ. ಖಂಡಗೊಳು ಸರದಾವು ಅನ್ನೂದಕ್ಕ ಪುರಾವೆ ಏನೈತ್ರಿ?"

ಗುಡ್ಡ ಅಲ್ಲೇ ಇಲ್ಲ ರೀ, ಅದೂ ಸರಿಯುತ್ತಿದೆ. ಗದಗ, ಹುಬ್ಬಳ್ಳಿ, ನೀವು, ನಾನು ಎಲ್ಲ ಅದರ ಜೊತೆಗೇ ಹೊರಟಿದ್ದೇವೆ. ಚಿಗರಿ ಬಸ್ಸಿನಲ್ಲಿ ಕೂತವರಿಗೆ ಪಕ್ಕದ ಸೀಟು ಸರಿದಂತೆ ಕಾಣುತ್ತದಾ? ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗುತ್ತಿದೆ. ಇದು ಉಪಗ್ರಹಗಳಿಂದ ಅಳೆದ ಲೆಕ್ಕ.

ಈಗಿನದು ಸರಿ, ಹಿಂದಿನದಕ್ಕೆ ಏನು ಆಧಾರ ಅಂತೀರಾ? ಶಾಲೆಯಲ್ಲಿ ಹೇಳುವುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಅಂಚು ಕೂಡುವ ವಿಚಾರ. 1912ರಲ್ಲಿ ಜರ್ಮನಿಯ ವಿಜ್ಞಾನಿ ವೆಗೆನರ್ ಅದರ ಜೊತೆ ಪಳೆಯುಳಿಕೆಗಳನ್ನೂ ತೋರಿಸಿದರು. ಗ್ಲಾಸೋಪ್ಟೆರಿಸ್ ಅನ್ನುವ ಗಿಡದ ಗುರುತು ಭಾರತದಲ್ಲೂ ಇದೆ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳಲ್ಲೂ ಇದೆ. ಆದರೂ ಬಹಳ ಜನ ಒಪ್ಪಲಿಲ್ಲ, ನಡುವೆ ಇದ್ದ ನೆಲ ಸಮುದ್ರದಲ್ಲಿ ಮುಳುಗಿರಬೇಕು ಅಂದರು.

ನನ್ನ ಕೇಳಿದರೆ ಗಟ್ಟಿ ಸಾಕ್ಷಿ ಇರುವುದು ಕಲ್ಲಿನೊಳಗೆ. ಧಾರವಾಡ ದಾಟಿ ಬೆಳಗಾವಿ ಕಡೆ ಹೋದರೆ ಕಪ್ಪು ಕಲ್ಲು ಶುರುವಾಗುತ್ತದೆ ಅಲ್ವಾ, ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜದ ಕಣಗಳು ಆ ಹೊತ್ತಿನ ಭೂಮಿಯ ಅಯಸ್ಕಾಂತದ ದಿಕ್ಕನ್ನು ಹಿಡಿದುಕೊಂಡು ಹಾಗೇ ಉಳಿದುಬಿಡುತ್ತವೆ. ಈ ದಿಕ್ಕು ಭೂಮಧ್ಯರೇಖೆಯ ಹತ್ತಿರ ಅಡ್ಡ ಇರುತ್ತದೆ, ಧ್ರುವದ ಕಡೆ ಹೋದಷ್ಟೂ ಕಡಿದಾಗುತ್ತದೆ. ಅಂದರೆ ಎಷ್ಟು ವಾಲಿದೆ ಅಂತ ನೋಡಿದರೆ ಕಲ್ಲು ಹುಟ್ಟಿದ ಅಕ್ಷಾಂಶ ಸಿಗುತ್ತದೆ. ನಮ್ಮ ಕಪ್ಪು ಕಲ್ಲು ಹೇಳುವುದು ಹೆಚ್ಚುಕಮ್ಮಿ 20ರಿಂದ 30 ಡಿಗ್ರಿ ದಕ್ಷಿಣ ಅಂತ! ಈಗ ಬೆಳಗಾವಿ ಇರುವುದು 16 ಡಿಗ್ರಿ ಉತ್ತರದ ಹತ್ತಿರ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್, ಲೆಕ್ಕ ಹಾಕಿ ನೋಡಿ, 4,000 ಕಿಲೋಮೀಟರಿಗೆ ಕಡಿಮೆ ಆಗಲ್ಲ.

ಜಾಣರು ಇಲ್ಲೊಂದು ತಕರಾರು ತೆಗೀತಾರೆ: ಖಂಡ ಅಲ್ಲ, ಧ್ರುವವೇ ಸರಿದಿರಬಹುದಲ್ವಾ? ಒಳ್ಳೆ ತಕರಾರೇ. ಆದರೆ ಧ್ರುವ ಮಾತ್ರ ಸರಿದಿದ್ದರೆ ಒಂದೇ ಕಾಲದ ಕಲ್ಲುಗಳೆಲ್ಲ ಒಂದೇ ಧ್ರುವವನ್ನು ತೋರಿಸಬೇಕಿತ್ತು. ಯುರೋಪಿನ ಕಲ್ಲುಗಳು ಧ್ರುವ ಒಂದು ಕಡೆ ಇತ್ತು ಅಂದರೆ, ಅದೇ ಕಾಲದ ಉತ್ತರ ಅಮೆರಿಕದ ಕಲ್ಲುಗಳು ಇನ್ನೊಂದು ಕಡೆ ಇತ್ತು ಅಂತ ತೋರಿಸುತ್ತವೆ. 1950ರ ದಶಕದಲ್ಲಿ ಇದನ್ನು ಹೋಲಿಸಿ ನೋಡಿದರು. ಅಟ್ಲಾಂಟಿಕ್ ಮುಚ್ಚಿ ಎರಡೂ ಖಂಡಗಳನ್ನು ಕೂಡಿಸಿದರೆ ಆ ಎರಡು ಧ್ರುವ ಹೆಚ್ಚುಕಮ್ಮಿ ಒಂದಾಗುತ್ತವೆ. ಸುಮ್ನೆ ನೆಲ ಮುಳುಗಿತು ಅಂದರೆ ಇದಕ್ಕೆ ಉತ್ತರ ಸಿಗಲ್ಲ.

ಹತ್ತಿರದಲ್ಲೇ ನೋಡಬೇಕು ಅಂದರೆ ಮಲ್ಪೆಗೆ ಹೋಗಿ. ಸೇಂಟ್ ಮೇರೀಸ್ ದ್ವೀಪದಲ್ಲಿ ಜನ ಹತ್ತಿ ಸೆಲ್ಫಿ ತೆಗೆಯುವ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದವು. ಮಡಗಾಸ್ಕರ್ ಭಾರತದಿಂದ ಕಿತ್ತು ಬೇರೆಯಾದಾಗ ಉಕ್ಕಿದ ಲಾವಾ ಅದು, ಹೆಚ್ಚುಕಮ್ಮಿ ಅದೇ ವಯಸ್ಸಿನ ಲಾವಾ ಆ ಕಡೆ ಮಡಗಾಸ್ಕರ್‌ನಲ್ಲೂ ಇದೆ.