ಏಳು ದಾಟುವ ಮುನ್ನ ಉತ್ತರಪತ್ರಿಕೆ ನೋಡಿ

ತಲಪಾಡಿ ಗಡಿಯ ಆಚೆ, ಕರ್ನಾಟಕದಿಂದ ಬಂದು ಕೇರಳದ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಹೆತ್ತವರು ಮೊದಲು ತಡವರಿಸುವುದು ತರಗತಿಗಳ ಲೆಕ್ಕದಲ್ಲಿ. ಕರ್ನಾಟಕದಲ್ಲಿ ಐದರವರೆಗೆ ಕಿರಿಯ ಪ್ರಾಥಮಿಕ, ಆರರಿಂದ ಎಂಟು ಹಿರಿಯ ಪ್ರಾಥಮಿಕ. ಕೇರಳದಲ್ಲಿ ನಾಲ್ಕಕ್ಕೇ ಎಲ್.ಪಿ. (ಕಿರಿಯ ಪ್ರಾಥಮಿಕ) ಮುಗಿಯಿತು, ಐದು, ಆರು, ಏಳು ಯು.ಪಿ. (ಹಿರಿಯ ಪ್ರಾಥಮಿಕ); ಎಂಟೆಂದರೆ ಹೈಸ್ಕೂಲು. ಏಳಕ್ಕೇ ನಿಲ್ಲುವ ಶಾಲೆಯ ಮಗುವಿಗೆ ಎಂಟರಲ್ಲಿ ಕಟ್ಟಡವೂ ಹೊಸದು, ಅಧ್ಯಾಪಕರೂ ಹೊಸಬರು. ಪರೀಕ್ಷೆ ಮೊದಲು ಬಿಗಿಯಾದದ್ದೂ ಅಲ್ಲಿಯೇ.

ಯು.ಪಿ.ಯಲ್ಲಿ ಮೌಲ್ಯಮಾಪನಕ್ಕೆ ಎರಡು ಕಾಲು. ಒಂದು ನಿರಂತರ ಮೌಲ್ಯಮಾಪನ, ನಾವು ಅಧ್ಯಾಪಕರು ಸಿ.ಇ. ಎನ್ನುವುದು: ನೋಟ್‌ಪುಸ್ತಕ, ಪ್ರಾಜೆಕ್ಟು, ಪ್ರಯೋಗ, ತರಗತಿಯ ಚಟುವಟಿಕೆ. ಇನ್ನೊಂದು ಓಣಂ, ಕ್ರಿಸ್‌ಮಸ್ ಮತ್ತು ಮಾರ್ಚ್‌ನ ಲಿಖಿತ ಪರೀಕ್ಷೆಗಳು. ಫಲಿತಾಂಶ ‘ಎ’ಯಿಂದ ‘ಇ’ವರೆಗಿನ ಗ್ರೇಡು. ಸಿ.ಇ.ಯನ್ನು ಕೈಬಿಚ್ಚಿ ಕೊಡುವುದು ನಮ್ಮಲ್ಲಿ ರೂಢಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಗೆಂದು ಅದು ಪೊಳ್ಳು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಏಳನೆಯವರ ಮೂಲವಿಜ್ಞಾನವನ್ನೇ ನೋಡಿ. ನೀಲಿ ಲಿಟ್ಮಸ್ ಕಾಗದವನ್ನು ಲಿಂಬೆರಸದಲ್ಲಿ ಅದ್ದಿ, ಅದು ಕೆಂಪಾದದ್ದನ್ನು ತೋರಿಸಿ, ಆಮ್ಲವೆಂದರೇನು ಎಂದು ಬಾಯಿತುಂಬ ವಿವರಿಸಿದ ಹುಡುಗಿಗೆ ಸಿ.ಇ. ಪೂರ್ತಿ ಕೊಡಲೇಬೇಕು. ಅದೇ ಪ್ರಶ್ನೆ ಕಾಗದದಲ್ಲಿ ಬಂದಾಗ ‘ಆಮ್ಲ’ ಎಂದು ಒಂದೇ ಪದ ಬರೆದು, ‘ಕಾರಣ ಬರೆಯಿರಿ’ ಎಂಬಲ್ಲಿ ಗೆರೆಗಳನ್ನು ಖಾಲಿ ಬಿಟ್ಟಿರುತ್ತಾಳೆ. ಅವಳಿಗೆ ವಿಷಯ ಗೊತ್ತಿದೆ, ಎರಡು ವಾಕ್ಯ ಜೋಡಿಸಿ ಬರೆಯುವ ಅಭ್ಯಾಸ ಇಲ್ಲ. ಪ್ರಶ್ನೆ ಓದಿಕೊಳ್ಳಲೆಂದೇ ಆರಂಭದಲ್ಲಿ ಕೊಡುವ 15 ನಿಮಿಷವನ್ನು ಕಿಟಕಿಯ ಹೊರಗೆ ನೋಡಿ ಕಳೆಯುವವರೇ ಹೆಚ್ಚು.

ಏಳರವರೆಗೆ ಈ ಕೊರತೆ ಮೊದಲೆಲ್ಲ ಗ್ರೇಡಿನ ಹಿಂದೆ ಅಡಗಿ ಕೂರಬಹುದಿತ್ತು. ಎಂಟರಲ್ಲಿ ಆಗದು. 2024–25ರಿಂದ ಅಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೇ ಕನಿಷ್ಠ ಶೇಕಡಾ 30 ಬೇಕು. 40 ಅಂಕದ ಪತ್ರಿಕೆಯಾದರೆ 12. ಸಿ.ಇ. ಅಂಕ ಇಲ್ಲಿ ನೆರವಿಗೆ ಬರುವುದಿಲ್ಲ. ಕಡಿಮೆಯಾದವರಿಗೆ ವಿಶೇಷ ತರಗತಿ, ಮತ್ತೆ ಪರೀಕ್ಷೆ. 2025ರ ಏಪ್ರಿಲ್‌ನಲ್ಲಿ ಇದು ಮೊದಲ ಬಾರಿ ನಡೆಯಿತು. 2025–26ರಿಂದ ಕನಿಷ್ಠ ಅಂಕದ ಈ ಲೆಕ್ಕ ಯು.ಪಿ. ತರಗತಿಗಳಿಗೂ ಬಂದಿದೆ.

ಯು.ಎಸ್.ಎಸ್. ಎಂದೇ ಹೆಸರಾದ, ಯು.ಪಿ. ಮಕ್ಕಳ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂತ ಮಗುವಿನ ಬಗ್ಗೆ ಹೆತ್ತವರು ನಿಶ್ಚಿಂತರಾಗುವುದೂ ಉಂಟು. ಅಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿ ಓ.ಎಂ.ಆರ್. ಹಾಳೆಯ ವೃತ್ತ ತುಂಬಿಸಿದರೆ ಆಯಿತು. ವಾಕ್ಯ ಬರೆಯುವ ಪ್ರಮೇಯವೇ ಇಲ್ಲ.

ಓಣಂ ಪರೀಕ್ಷೆ ಕಳೆದು ಕ್ಲಾಸ್ ಪಿ.ಟಿ.ಎ. (ಹೆತ್ತವರ ಮತ್ತು ಅಧ್ಯಾಪಕರ ಸಭೆ) ಕರೆದಾಗ ಉತ್ತರಪತ್ರಿಕೆಯನ್ನು ಕೈಗೆ ಕೊಡುತ್ತೇವೆ. ಹೆಚ್ಚಿನವರು ಮೇಲಿನ ಮೂಲೆಯ ಗ್ರೇಡು ನೋಡಿ, ಸಹಿ ಹಾಕಿ, ‘ಎ ಬಂದಿದೆಯಲ್ಲ ಟೀಚರೇ, ಇನ್ನೇನು?’ ಎಂದು ಬಸ್ಸಿನ ಹೊತ್ತು ನೋಡುತ್ತಾರೆ. ಪುಟ ತಿರುವಿ ಖಾಲಿ ಗೆರೆಗಳನ್ನು ಎಣಿಸಿ. ಖಾಲಿ ಬಿಟ್ಟ ಒಂದು ಪ್ರಶ್ನೆಯ ಉತ್ತರವನ್ನು ಮಗು ಮನೆಯಲ್ಲಿ ಬಾಯಲ್ಲಿ ಹೇಳಲಿ, ಹೇಳಿದ್ದನ್ನೇ ಬರೆಯಲಿ. ಕ್ರಿಸ್‌ಮಸ್ ಪರೀಕ್ಷೆಗೆ ಇನ್ನೂ ತಿಂಗಳುಗಳಿರುತ್ತವೆ.