ಮೈ ಅಳೆಯುವ ತ್ರೀಡಿ ಸ್ಕ್ಯಾನಿಂದ ರೇಡಿಯೇಷನ್ ತಗುಲುತ್ತದಾ?

ಪ್ರಶ್ನೆ: ಬಟ್ಟೆಯ ಅಳತೆಗೆ ಇಡೀ ಮೈಯನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾರಂತೆ. ಎಕ್ಸ್‌ರೇ ಥರ ರೇಡಿಯೇಷನ್ ತಗುಲುವುದಿಲ್ಲವೇ? ಮೈಯೊಳಗಿನದೆಲ್ಲ ಕಾಣುತ್ತದಾ?

ತಗುಲುವುದಿಲ್ಲ. ಒಳಗಿನದೂ ಕಾಣುವುದಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಗೊಂದಲವೆಲ್ಲ ಆ ಪದದಿಂದಲೇ ಹುಟ್ಟಿದ್ದು. ನಮ್ಮಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡಿಸುವುದು, ಇಲ್ಲವೇ ತಲೆಗೆ ಪೆಟ್ಟಾದಾಗ ಮಾಡಿಸುವ ಸಿಟಿ ಸ್ಕ್ಯಾನ್. ಎರಡೂ ಮೈಯೊಳಗೆ ನೋಡುತ್ತವೆ. ಅದರಲ್ಲೂ ಎಕ್ಸ್‌ರೇ ಇರುವುದು ಸಿಟಿಯಲ್ಲಿ ಮಾತ್ರ. ಬಸುರಿಯರ ಸ್ಕ್ಯಾನಿಂಗ್ ನಡೆಯುವುದು ಶಬ್ದದ ಅಲೆಗಳಿಂದ.

ಮೈ ಅಳೆಯುವ ಯಂತ್ರಕ್ಕೆ ಬೇಕಾದ್ದು ಬರೀ ಬೆಳಕು. ಪಟ್ಟೆಪಟ್ಟೆಯಾಗಿಯೋ ಚುಕ್ಕಿಚುಕ್ಕಿಯಾಗಿಯೋ ಬೆಳಕನ್ನು ಮೈಮೇಲೆ ಬಿಡುತ್ತದೆ. ಗೆರೆಗೆರೆಯ ಸೀರೆ ಉಟ್ಟಾಗ ಆ ಗೆರೆ ಹೊಟ್ಟೆಯ ಮೇಲೆ ಬಾಗುತ್ತದೆ ಅಲ್ವಾ? ಬೆಳಕಿನ ಪಟ್ಟೆಯೂ ಹಾಗೇ ಬಾಗುತ್ತದೆ. ಕ್ಯಾಮೆರಾ ಆ ಬಾಗನ್ನು ಪಕ್ಕದಿಂದ ನೋಡುತ್ತದೆ. ಯಾವ ಬಿಂದು ಎಷ್ಟು ದೂರದಲ್ಲಿದೆ ಎಂದು ಕಂಪ್ಯೂಟರ್ ತ್ರಿಕೋನದ ಲೆಕ್ಕ ಹಾಕುತ್ತದೆ. ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತ ಲೆಕ್ಕವೇ. 2017ರಲ್ಲಿ ಬಂದ ಐಫೋನ್ ಎಕ್ಸ್ ಕೂಡ ಮುಖ ಗುರುತಿಸಲು ಕಣ್ಣಿಗೆ ಕಾಣದ 30,000ಕ್ಕೂ ಜಾಸ್ತಿ ಬೆಳಕಿನ ಚುಕ್ಕಿಗಳನ್ನು ಮುಖದ ಮೇಲೆ ಬಿಡುತ್ತದೆ. ಅದನ್ನು ದಿನಕ್ಕೆ ಹತ್ತಾರು ಸಲ ಮುಖಕ್ಕೆ ಹಿಡಿಯುವವರೇ ಇದಕ್ಕೆ ಹೆದರುತ್ತಾರೆ!

ಇನ್ನೂ ನಂಬಿಕೆ ಬರಲಿಲ್ಲವೇ? ಸ್ಕ್ಯಾನ್ ಆದ ತಕ್ಷಣ, ತಿದ್ದುವ ಮೊದಲು, ತೆರೆಯ ಮೇಲಿನ ಚಿತ್ರ ನೋಡಿ. ಬೆಳಕು ತಲುಪದ ಕಂಕುಳಲ್ಲಿ ತೂತು. ತೊಡೆಗಳ ನಡುವೆ ತೂತು. ಕಪ್ಪು ಕೂದಲಿರುವ ಕಡೆ ಹರಿದ ಜೇಡರಬಲೆಯ ಹಾಗೆ ಚೂರುಚೂರು. ಅದಕ್ಕೇ ತಲೆಗೆ ಬಿಗಿ ಟೋಪಿ ಹಾಕಿಸುತ್ತಾರೆ, ಮೈಗಂಟುವ ಬಟ್ಟೆ ತೊಡಿಸುತ್ತಾರೆ. ಸೀರೆ ಉಟ್ಟು ನಿಂತರೆ ಸಿಗುವುದು ನೆರಿಗೆಯ ಅಳತೆ. ಬಟ್ಟೆ, ಕೂದಲನ್ನೇ ದಾಟದ ಬೆಳಕು ಮೂಳೆಯನ್ನು ಹೇಗೆ ತೋರಿಸೀತು?

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಟೈಲರ್ ಟೇಪಿನ ಅಳತೆಗೂ ಸ್ಕ್ಯಾನಿನ ಅಳತೆಗೂ ಯಾಕೆ ತಾಳೆಯಾಗುವುದಿಲ್ಲ? ಟೇಪು ಬಿಗಿದಾಗ ಮೈ ಒಳಕ್ಕೆ ಒತ್ತುತ್ತದೆ. ಬೆಳಕು ಒತ್ತುವುದಿಲ್ಲ. ಸೊಂಟ ಎಲ್ಲಿ ಅನ್ನುವುದರಲ್ಲೂ ವ್ಯತ್ಯಾಸವಿದೆ. ಟೈಲರ್ ನೀವು ಪ್ಯಾಂಟ್ ಕಟ್ಟುವ ಜಾಗ ಹಿಡಿಯುತ್ತಾರೆ. ಸಾಫ್ಟ್‌ವೇರ್ ತನಗೆ ಹೇಳಿಕೊಟ್ಟ ಜಾಗ ಹಿಡಿಯುತ್ತದೆ.

ಒಬ್ಬರ ಬಟ್ಟೆಗಾದರೆ ಈ ವ್ಯತ್ಯಾಸ ಸಣ್ಣದು. ಆದರೆ ನಮ್ಮ ದೇಶದವರ ಮೈಗೆ ಹೊಂದುವ ಸೈಜುಗಳ ಪಟ್ಟಿ ಮಾಡಲು ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ಹಾಕಿಕೊಂಡ ಯೋಜನೆಯಲ್ಲಿ 15ರಿಂದ 65 ವರ್ಷದೊಳಗಿನ 25,000 ಮಂದಿಯ ಅಳತೆ ಬೇಕಿತ್ತು. ಆರಿಸಿದ 6 ನಗರಗಳಲ್ಲಿ ಬೆಂಗಳೂರೂ ಒಂದು. ಅಷ್ಟು ಮಂದಿಗೂ ಟೇಪು ಒಂದೇ ಬಿಗಿಯಲ್ಲಿ, ಒಂದೇ ಜಾಗದಲ್ಲಿ ಹಿಡಿಯಲು ಯಾರ ಕೈಯಿಂದಲೂ ಆಗದು. ಅದಕ್ಕೇ ಅಲ್ಲಿ ಸ್ಕ್ಯಾನ್ ಬೇಕು.